ಕಿಟಕಿಯ ಬಳಿ ನಲವತ್ತು ಸೆಕೆಂಡು

ಬೆಳಗಿನ ಐದೂಮುಕ್ಕಾಲು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಅಡುಗೆಮನೆಗೂ ಲಿಫ್ಟಿಗೂ ನಡುವಿನ ಗೋಡೆಗುಂಟ ಆರು ಗಾಡಿಗಳು ಸಾಲಾಗಿ ನಿಂತಿವೆ. ಸೊಂಟದೆತ್ತರದ ಬಿಳಿ ಪೆಟ್ಟಿಗೆಗಳು. ಕೆಳಗೆ ಚಕ್ರ, ಮುಂದೆ ಗೋಲಿ ಗಾತ್ರದ ಎರಡು ಕಣ್ಣು. ಹಿಡಿಕೆ ಇಲ್ಲ, ಏಕೆಂದರೆ ಇವನ್ನು ಯಾರೂ ತಳ್ಳುವುದಿಲ್ಲ. ಐವತ್ತಾರು ವರ್ಷದ ಹೆಂಗಸೊಬ್ಬರು ಒಂದು ಕೈಯಲ್ಲಿ ಒದ್ದೆ ಬಟ್ಟೆ, ಇನ್ನೊಂದರಲ್ಲಿ ಒಣ ಬಟ್ಟೆ ಹಿಡಿದು ಒಂದೊಂದರ ಕಣ್ಣನ್ನೂ ಒರೆಸುತ್ತಿದ್ದಾರೆ. ಒದ್ದೆಯದರಲ್ಲಿ ಒಮ್ಮೆ, ಒಣ ಬಟ್ಟೆಯಲ್ಲಿ ಎರಡು ಸಲ. ಆಮೇಲೆ ಗೋಡೆ ಹಿಡಿದು ಮೆಲ್ಲಗೆ ಕೂತು, ಚಕ್ರಕ್ಕೆ ಸುತ್ತಿಕೊಂಡ ಕೂದಲೆಳೆ, ಬ್ಯಾಂಡೇಜಿನ ದಾರ ಬಿಡಿಸುತ್ತಾರೆ.

ನಾಲ್ಕನೆಯ ಗಾಡಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತಾಗುತ್ತದೆ. "ಇದೊಂದು ಮೊಂಡು. ಲಿಫ್ಟಿನ ಬಾಗಿಲು ತೆಗೆದ್ರೂ ಒಳಗೆ ಹೋಗ್ಲೋ ಬೇಡ್ವೋ ಅಂತ ನಿಂತಿರುತ್ತೆ, ನೆಂಟರ ಮನೆ ಹೊಸ್ತಿಲಲ್ಲಿ ನಿಂತ ಹಾಗೆ," ಎನ್ನುತ್ತಾರೆ.

ಇಡೀ ಆಸ್ಪತ್ರೆಗೆ ಇವರು ಗಾಡಿಯಕ್ಕ. ಇವರಿಗಿಂತ ಹಿರಿಯರಾದ ವೈದ್ಯರೂ ಹಾಗೇ ಕರೆಯುತ್ತಾರೆ. ಇಪ್ಪತ್ಮೂರು ವರ್ಷ ಇದೇ ಹಾದಿಗಳಲ್ಲಿ ಕಬ್ಬಿಣದ ಗಾಡಿ ತಳ್ಳಿದವರು. ಮೂರು ಮಹಡಿ, ನೂರ ಮೂವತ್ತು ಹಾಸಿಗೆ, ದಿನಕ್ಕೆ ಹನ್ನೊಂದು ಸುತ್ತು. ಹಾಲು, ತಿಂಡಿ, ಔಷಧ, ಹೊದಿಕೆ ತುಂಬಿದರೆ ಗಾಡಿ ಒಂದಾಳು ಭಾರ. ಬಲಗಡೆಯ ಮುಂದಿನ ಚಕ್ರ ಸದಾ ಕಿರ್ರೆನ್ನುತ್ತಿತ್ತು. ಆ ಸದ್ದು ಕೇಳಿಯೇ ರೋಗಿಗಳು ಲೋಟ ಹಿಡಿದು ಎದ್ದು ಕೂರುತ್ತಿದ್ದರಂತೆ. ಬಲ ಮಂಡಿ ಸವೆದದ್ದೂ ಆ ಗಾಡಿಯ ಜೊತೆಗೇ.

ಹೋದ ವರ್ಷ ಈ ಬಿಳಿ ಗಾಡಿಗಳು ಬಂದವು. ತಳ್ಳುವವರಲ್ಲಿ ಐದು ಜನರನ್ನು ಬೇರೆ ಬೇರೆ ಕೆಲಸಕ್ಕೆ ಹಾಕಿದರು. ಇವರೊಬ್ಬರನ್ನು ಉಳಿಸಿಕೊಂಡು, "ಗಾಡಿಗಳು ತಾವಾಗಿ ಓಡಾಡೋ ತನಕ ನೀವಿರಿ, ಆಮೇಲೆ ನೋಡೋಣ," ಎಂದರು ಕಚೇರಿಯವರು.

"ಆಮೇಲೆ ನೋಡೋಣ ಅಂದ್ರೆ ಏನು ಅಂತ ಎಲ್ಲರಿಗೂ ಗೊತ್ತಲ್ವಾ? ಕೊಡಲ್ಲ ಅನ್ನೋಕೆ ನಾಲಿಗೆ ಬರದವರು ಹೇಳೋ ಮಾತು," ಎಂದು ನಗುತ್ತಾರೆ ಗಾಡಿಯಕ್ಕ. ಆಗ ನಗು ಬಂದಿರಲಿಲ್ಲ. ಕೆಲಸ ಬಿಟ್ಟು ಮನೆಯಲ್ಲಿ ಕೂತವರಲ್ಲ ಅವರು. ಮದುವೆಯ ಮರುವಾರವೇ ಒಂದು ಕೆಲಸ ಹಿಡಿದಿದ್ದರು.

ಹಾಗೆಂದು ಯಂತ್ರದ ಮೇಲೆ ಅವರಿಗೆ ಮುನಿಸಿಲ್ಲ. "ನಮ್ಮಜ್ಜಿ ಬಾವಿಯಿಂದ ನೀರು ಹೊತ್ತಳು, ಅಮ್ಮ ಕೈಪಂಪು ಒತ್ತಿದಳು, ನಾನು ನಲ್ಲಿ ತಿರುಗಿಸ್ತೀನಿ. ಅಜ್ಜಿ ಥರ ಹೊರಬೇಕಿತ್ತು ಅಂತ ನನಗೆ ಒಂದಿನಾನೂ ಅನ್ನಿಸಿಲ್ಲ. ಮುಂದೆ ಈ ಗಾಡಿಗಳೇ ಹಾಸಿಗೆ ಹಾಸ್ತವಂತೆ, ಮನೆಮನೆಗೂ ಹೋಗಿ ಔಷಧ ಕೊಟ್ಟು ಬರ್ತವಂತೆ. ಬರ್ಲಿ. ಯಾರದ್ದಾದ್ರೂ ಸೊಂಟ ಉಳಿಯುತ್ತೆ."

ಮೊದಲ ಗಾಡಿಗೆ ದಾರಿ ಕಲಿಸಿದ್ದು ಇವರೇ. ಯಂತ್ರದ ಕಂಪನಿಯಿಂದ ಬಂದ ಕನ್ನಡಕದ ಎಂಜಿನಿಯರ್ ಹುಡುಗಿ ಗಾಡಿಗೆ ತಾತ್ಕಾಲಿಕವಾಗಿ ಒಂದು ಹಿಡಿಕೆ ಬಿಗಿದು, "ಅಕ್ಕಾ, ನೀವು ದಿನಾ ಹೇಗೆ ಹೋಗ್ತೀರೋ ಹಾಗೇ ಹೋಗಿ. ಒಂಚೂರೂ ಬದಲಾಯಿಸಬೇಡಿ," ಎಂದಳು. ಗಾಡಿಯಕ್ಕ ಒಂಚೂರೂ ಬದಲಾಯಿಸಲಿಲ್ಲ. ಇಪ್ಪತ್ತು ದಿನ ತಳ್ಳಿದರು. ಗಾಡಿ ಕಣ್ಣು ಬಿಟ್ಟುಕೊಂಡು ಕಲಿಯಿತು. ಒಂದು ಕಲಿತದ್ದನ್ನು ಉಳಿದ ಐದಕ್ಕೂ ತುಂಬಿದರು.

ಎರಡನೆಯ ತಿಂಗಳಲ್ಲಿ ತಕರಾರು ಶುರುವಾಯಿತು. ಎರಡನೆಯ ಮಹಡಿಯಲ್ಲಿ ಹಳೆ ಕಟ್ಟಡಕ್ಕೂ ಅದಕ್ಕೆ ಅಂಟಿಸಿ ಕಟ್ಟಿದ ಭಾಗಕ್ಕೂ ನಡುವೆ ಉದ್ದನೆಯ ಏರುದಾರಿ ಇದೆ. ಅದು ಮುಗಿಯುವಲ್ಲಿ ಒಂದು ಕಿಟಕಿ, ಕಿಟಕಿಗೆದುರು ಮೂಳೆ ವಾರ್ಡು. ಆರು ಗಾಡಿಗಳೂ ಆ ಕಿಟಕಿಯ ಹತ್ತಿರ ಬಂದಾಗಲೆಲ್ಲ ನಿಂತುಬಿಡುತ್ತಿದ್ದವು. ಅಡ್ಡ ಯಾರೂ ಇಲ್ಲ, ಏನೂ ಇಲ್ಲ. ಸರಿಯಾಗಿ ನಲವತ್ತು ಸೆಕೆಂಡು. ಆಮೇಲೆ ಏನೂ ಆಗಿಲ್ಲವೆಂಬಂತೆ ಹೊರಡುತ್ತಿದ್ದವು. ಎಂಜಿನಿಯರ್ ಕಣ್ಣು ಬದಲಿಸಿದಳು, ಚಕ್ರ ಬದಲಿಸಿದಳು, ಕಿಟಕಿಗೆ ಕಾಗದ ಅಂಟಿಸಿ ಬಿಸಿಲು ತಡೆದಳು. ಗಾಡಿಗಳು ಕಾಗದದ ಮುಂದೆಯೂ ನಿಂತವು.

ಮೂರನೆಯ ದಿನ ಗಾಡಿಯಕ್ಕನಿಗೆ ಹೊಳೆಯಿತು. ಏರು ಹತ್ತಿದ ಮೇಲೆ ಆ ಕಿಟಕಿಯ ಕಟ್ಟೆಗೆ ಮೊಣಕೈ ಊರಿ, ಬಲಗಾಲು ಎತ್ತಿ, ಮಂಡಿಗೆ ಸ್ವಲ್ಪ ಬಿಡುವು ಕೊಡುವುದು ಅವರ ಇಪ್ಪತ್ಮೂರು ವರ್ಷದ ಅಭ್ಯಾಸ. ಅದು ಅಭ್ಯಾಸವೆಂಬುದೂ ಮರೆತಿತ್ತು. ಯಂತ್ರ ಮರೆತಿರಲಿಲ್ಲ.

"ತಪ್ಪು ನಂದೇ. ಆದ್ರೆ ಬಾಯಿ ಬಿಟ್ರೆ ಅದೊಂದು ಸರಿಯಾಗುತ್ತೆ, ಗಾಡಿಗಳು ತಾವಾಗಿ ಓಡಾಡ್ತವೆ, ಆಮೇಲೆ ನೋಡೋಣ ಅಂದವರು ನೋಡಿಯೇ ಬಿಡ್ತಾರೆ. ಬಾಯಿಗೆ ಹೊಲಿಗೆ ಹಾಕ್ಕೊಂಡೆ."

ಮನೆಯ ಮುಂಗೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿರುವ ಯಜಮಾನರಿಗೆ ಮಾತ್ರ ಹೇಳಿದರು. ಗಾಡಿಯ ಕಣ್ಣೊರೆಸುವ ಬಟ್ಟೆಗಳಿಗೆ ಅಂಚು ಹೊಲಿದು ಕೊಡುವವರೂ ಅವರೇ. ಅವರು ತಲೆ ಎತ್ತದೆ, "ಏನೇ, ಮೂವತ್ತು ವರ್ಷದಲ್ಲಿ ನನ್ನ ಕೈಲಿ ಒಂದು ಮಾತು ಕಲಿಸೋಕೆ ಆಗ್ಲಿಲ್ಲ ನಿನಗೆ. ನೀನು ಇಪ್ಪತ್ತು ದಿನದಲ್ಲಿ ಮಂಡಿ ನೋವು ಕಲಿಸಿ ಬಂದ್ಯಲ್ಲ," ಎಂದರು.

"ನಗಬೇಡಿ ರೀ. ಹೇಳ್ಲೋ ಬೇಡ್ವೋ?"

"ನಿನ್ನ ಮುಖ ನೋಡಿದ್ರೆ ಇನ್ನೊಂದು ವಾರ ತಡೀತೀಯ ಅನ್ಸುತ್ತೆ."

ತಡೆದದ್ದು ಹನ್ನೊಂದು ದಿನ. ಹನ್ನೆರಡನೆಯ ಬೆಳಿಗ್ಗೆ ಕಿಟಕಿಯ ಹತ್ತಿರ ಹೋದಾಗ ನೆಲ ಒರೆಸುವಾಕೆ ಬಕೆಟ್ಟಿನ ಪಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳು ನೀರು ಹೆಚ್ಚು ಸುರಿಯುವುದರಿಂದ ನೆಲ ಹೊಳೆದು ಗಾಡಿಗಳ ಕಣ್ಣು ಕೋರೈಸುತ್ತಿದೆ ಎಂದು ಕಚೇರಿಯಲ್ಲಿ ಯಾರೋ ತೀರ್ಮಾನಿಸಿ, ಅವಳನ್ನು ಹೊರಗಿನ ಕಸದ ಶೆಡ್ಡಿಗೆ ಕಳಿಸಲು ಹೊರಟಿದ್ದರು.

"ಗಾಡಿಯಕ್ಕಾ, ನಾನು ಹಿಂಡಿ ಹಿಂಡೇ ಒರೆಸ್ತೀನಿ, ನೀನೇ ನೋಡಿದ್ದೀಯಲ್ಲ?"

"ನೋಡಿದ್ದೀನಿ ತಂಗಿ. ಬಕೆಟ್ ಅಲ್ಲೇ ಇಡು, ಎತ್ತಬೇಡ. ನಾನು ಬಂದೆ," ಎಂದ ಗಾಡಿಯಕ್ಕ ನೆಟ್ಟಗೆ ನೆಲಮಾಳಿಗೆಗೆ ಇಳಿದರು. ಎಂಜಿನಿಯರ್ ಒಂದು ಗಾಡಿಯನ್ನು ಬೋರಲು ಹಾಕಿಕೊಂಡು ಕೂತಿದ್ದಳು.

"ಮೇಡಂ, ಅದರ ಹೊಟ್ಟೆ ಮುಚ್ಚಿ. ಕಾಯಿಲೆ ಅದಕ್ಕಲ್ಲ, ನನಗೆ."

ಎಲ್ಲ ಹೇಳಿದರು. ಗೊತ್ತಾಗಿಯೂ ಸುಮ್ಮನಿದ್ದದ್ದನ್ನೂ ಸೇರಿಸಿ ಹೇಳಿದರು. ಹುಡುಗಿ ಕನ್ನಡಕ ತೆಗೆದು ಹಣೆ ಉಜ್ಜಿಕೊಂಡಳು. "ಅಕ್ಕಾ, ಹನ್ನೊಂದು ದಿನ! ನಾನು ನಾಲ್ಕು ಸಲ ಚಕ್ರ ಬಿಚ್ಚಿದ್ದೀನಿ!"

"ಗೊತ್ತು ಮೇಡಂ. ಸ್ಪ್ಯಾನರ್ ಕೊಟ್ಟಿದ್ದು ನಾನೇ ಅಲ್ವಾ."

ಹುಡುಗಿಗೆ ಮೊದಲು ಸಿಟ್ಟು ಬಂತು, ಆಮೇಲೆ ತಡೆಯಲಾರದಷ್ಟು ನಗು. ನೆಲ ಒರೆಸುವಾಕೆ ತನ್ನ ಜಾಗದಲ್ಲೇ ಉಳಿದಳು. ಅದೇ ಸಂಜೆ ಆರೂ ಗಾಡಿಗಳ ತಲೆಯಿಂದ ನಲವತ್ತು ಸೆಕೆಂಡು ಅಳಿಸಿಹೋಯಿತು. ಗಾಡಿಯಕ್ಕ ತಮ್ಮ ಡಬ್ಬಿ, ಚಪ್ಪಲಿ, ಒರೆಸುವ ಬಟ್ಟೆಗಳನ್ನು ಚೀಲಕ್ಕೆ ತುಂಬಿಟ್ಟುಕೊಂಡರು.

ಮರುದಿನ ಎಂಟೂಹತ್ತಕ್ಕೆ ಮೊದಲ ಗಾಡಿ ಏರು ಹತ್ತಿ, ಕಿಟಕಿ ದಾಟಿ ಸರಾಗವಾಗಿ ಹೊರಟುಹೋಯಿತು. ಅದರ ಹಿಂದೆಯೇ ಊರುಗೋಲಿನಲ್ಲಿ ಕುಪ್ಪಳಿಸುತ್ತ ಬಂದರು ಮೂಳೆ ವಾರ್ಡಿನ ನಿವೃತ್ತ ಅಂಚೆಯವರು. ಒಂದು ಕಾಲಿಗೆ ಪ್ಲಾಸ್ಟರ್, ಕೈಯಲ್ಲಿ ದಿನಪತ್ರಿಕೆ. "ಏಯ್, ನಿಲ್ಲೋ! ಇವತ್ತೇನು ಬಂತು ನಿನಗೆ? ನಿಲ್ಲೋ ಅಂದ್ರೆ!"

ಆಗ ಗೊತ್ತಾಯಿತು ಸಂಗತಿ. ಗಾಡಿ ನಿಲ್ಲುವ ಹೊತ್ತಿಗೆ ಮೂಳೆ ವಾರ್ಡಿನವರು ಓದಿ ಮುಗಿಸಿದ ಪತ್ರಿಕೆಯನ್ನು ಅದರ ನೆತ್ತಿಯ ಮೇಲಿಡುತ್ತಿದ್ದರು. ಅದು ಮುಂದಿನ ಹೆಂಗಸರ ವಾರ್ಡಿಗೆ ಹೋಗುತ್ತಿತ್ತು. ಅಲ್ಲಿಂದ ತಿರುಗಿ ಬರುವಾಗ ಅವರ ವಾರಪತ್ರಿಕೆ, ಅರ್ಧ ಬಿಡಿಸಿದ ಪದಬಂಧ. ಖಾಲಿ ಬಾಟಲಿ ಹೋಗಿ ನೀರು ತುಂಬಿಕೊಂಡು ಬರುತ್ತಿತ್ತು. ತಿಂಗಳುಗಟ್ಟಲೆ ಮಲಗಿದವರಿಗೆ ದಿನಕ್ಕೆರಡು ಸಲ ಎದ್ದು ಆ ಕಿಟಕಿಯವರೆಗೆ ನಡೆಯಲು ಅದೊಂದು ನೆಪ. ಕಬ್ಬಿಣದ ಗಾಡಿಯ ಕಾಲದಲ್ಲೂ ಹೀಗೇ ನಡೆಯುತ್ತಿತ್ತು. ಗಾಡಿಯಕ್ಕ ಕಾಲು ನೀವಿಕೊಳ್ಳುವಾಗ ಯಾರ್‍ಯಾರು ಏನೇನು ಇಡುತ್ತಿದ್ದರೋ, ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಅಂಚೆಯವರು ಅಷ್ಟಕ್ಕೇ ಬಿಡಲಿಲ್ಲ. ಎಂಜಿನಿಯರ್ ಹುಡುಗಿಯನ್ನು ಹಾಸಿಗೆಯ ಬಳಿಗೇ ಕರೆಸಿದರು. "ನೋಡಮ್ಮಾ, ಒಂಬತ್ತನೇ ಅಡ್ಡಸಾಲಿಗೆ ಉತ್ತರ ಆ ಕಡೆಯಿಂದ ಬರಬೇಕು. ನಾನು ಕಾಲು ಮುರಿದವನು, ತಲೆ ಮುರಿದವನಲ್ಲ. ಅದನ್ನ ನಿಲ್ಲಿಸು."

ಎರಡು ದಿನದಲ್ಲಿ ನಲವತ್ತು ಸೆಕೆಂಡು ಮರಳಿ ಬಂತು. ಎಂಜಿನಿಯರ್ ಬರೆದ ವರದಿಯಲ್ಲಿ, ದಾರಿ ಕಲಿಸುವವರು ಆ ದಾರಿಯಲ್ಲಿ ನಡೆದು ದಣಿದವರೇ ಆಗಿರಬೇಕು ಎಂಬ ಒಂದು ಸಾಲು ಸೇರಿತು. ಕಚೇರಿಯವರು ಅದನ್ನು ಎರಡು ಸಲ ಓದಿ, ಗಾಡಿಯಕ್ಕನನ್ನು ಕರೆದು, ಪಕ್ಕದಲ್ಲೇ ಏಳುತ್ತಿರುವ ಎಂಟು ಮಹಡಿಯ ಕಟ್ಟಡದ ನಕ್ಷೆ ಮುಂದಿಟ್ಟರು. ಅಲ್ಲಿಗೆ ಬರುವ ಇಪ್ಪತ್ತು ಗಾಡಿಗಳಿಗೆ ಕಲಿಸುವುದು ಇನ್ನು ಇವರ ಕೆಲಸ. ಚೀಲದಲ್ಲಿದ್ದ ಚಪ್ಪಲಿ ಮತ್ತೆ ಗೂಡಿಗೆ ಬಂತು.

ಈಗ ಆರು ಗಾಡಿಗಳು ಸೇರಿ ದಿನಕ್ಕೆ ತೊಂಬತ್ತನಾಲ್ಕು ಸುತ್ತು ಹೊಡೆಯುತ್ತವೆ. ಗಾಡಿಯಕ್ಕ ಕೈ ಹಾಕಬೇಕಾಗಿ ಬರುವುದು ಏಳೆಂಟು ಸಲ, ಅದರಲ್ಲಿ ಐದು ಸಲ ಆ ನಾಲ್ಕನೆಯ ಮೊಂಡಿಗೆ. ಮಧ್ಯಾಹ್ನ ಬಿಡುವಾದಾಗ ಹೊಸ ಕಟ್ಟಡಕ್ಕೆ ಹೋಗಿ, ಸಿಮೆಂಟಿನ ವಾಸನೆಯ ನಡುವೆ ಬರಿಗೈಯಲ್ಲಿ ಮಹಡಿ ಮಹಡಿ ನಡೆಯುತ್ತಾರೆ. ಎಲ್ಲಿ ಮಂಡಿ ಹಿಡಿಯುತ್ತದೋ ಅಲ್ಲಿ ಗೋಡೆಗೆ ಸೀಮೆಸುಣ್ಣದಲ್ಲಿ ಒಂದು ಗೆರೆ. ಇದುವರೆಗೆ ಐದು ಗೆರೆ ಬಿದ್ದಿವೆ. ಒಂದೊಂದು ಗೆರೆಯ ಹತ್ತಿರವೂ ಒಂದು ಬೆಂಚು ಹಾಕಿಸಿಕೊಡಿ ಎಂದು ಕೇಳಿದ್ದಾರೆ. ಮೂರಕ್ಕೆ ಒಪ್ಪಿಗೆ ಸಿಕ್ಕಿದೆ.

ಇನ್ನು ನಾಲ್ಕು ವರ್ಷಕ್ಕೆ ನಿವೃತ್ತಿ. ಆಮೇಲೇನು ಎಂದು ಕೇಳಿದರೆ, ಕೊನೆಯ ಗಾಡಿಯ ಕಣ್ಣನ್ನು ಒಣ ಬಟ್ಟೆಯಲ್ಲಿ ಎರಡನೆಯ ಸಲ ಒರೆಸಿ ಎದ್ದು ನಿಲ್ಲುತ್ತಾರೆ. ಗಾಡಿಗಳು ಒಂದೊಂದಾಗಿ ಲಿಫ್ಟಿನ ಕಡೆ ಹೊರಡುತ್ತವೆ.

"ಮಂಡಿ ನೋವು ನನ್ನ ಜೊತೆ ಮನೆಗೆ ಬರುತ್ತೆ ಬಿಡಿ. ಆ ನಲವತ್ತು ಸೆಕೆಂಡು ಇಲ್ಲೇ ಇರುತ್ತೆ."