ಅಂಗಳದ ಕರಕಿ

ರಾಯಬಾಗಕ್ಕೆ ವರ್ಗವಾಗಿ ಬಂದಮೇಲೆ ಕ್ವಾರ್ಟರ್ಸಿನಲ್ಲಿ ನಾನೊಬ್ಬನೇ. ಆಫೀಸು ಮುಚ್ಚಿತೆಂದರೆ ಆ ದಿನದ ಮಾತೂ ಮುಗಿಯಿತು. ಮನೆ ಮುಂದಾದರೂ ಹಸಿರಿರಲಿ ಎಂದು ಕರಕಿ ಹುಲ್ಲು ನೆಟ್ಟೆ. ಬಿಸಿಲು ತಡೆಯುತ್ತದೆ, ಹೆಚ್ಚು ನೀರು ಕೇಳುವುದಿಲ್ಲ, ನನ್ನಂಥ ಸೋಮಾರಿಗೆ ಹೇಳಿ ಮಾಡಿಸಿದ್ದು. ಮೂರು ತಿಂಗಳಲ್ಲಿ ಅಂಗಳ ತುಂಬಿತು.

ಒಂದು ಸಂಜೆ ಬಂದು ನೋಡಿದರೆ ಅಂಗಳ ಬೋಳು! ಹಿಂದಿನ ಕಬ್ಬಿನ ಹೊಲದಲ್ಲಿ ಕಳೆ ತೆಗೆಯುವ ಕಲ್ಲವ್ವ ಖುರ್ಪಿ ಹಿಡಿದು ಕೂತಿದ್ದಳು. ಪಕ್ಕದಲ್ಲಿ ನನ್ನ ಹುಲ್ಲಿನ ರಾಶಿ. ಕಬ್ಬಿನವರಿಗೆ ಕರಕಿ ಎಂದರೆ ವೈರಿ.

"ಎಷ್ಟ್ ಕರಕಿ ಬೆಳದೈತ್ರಿ ಸಾಹೇಬ್ರ! ಮನ್ಯಾಗ ಹೆಣ್ಮಕ್ಕಳಿಲ್ಲ, ಯಾರ್ ತಗೀಬೇಕು? ಅದಕ್ಕ ನಾನ ಬಂದೇನ್ರಿ."

ಬೈಯಲೆಂದೇ ಬಾಯಿ ತೆರೆದೆ. "ಚಹಾ ಕುಡೀತಿಯೇನವ್ವಾ?" ಎಂದುಬಿಟ್ಟೆ. ಈ ಮನೆಯಲ್ಲಿ ಎರಡನೇ ಕಪ್ಪು ಹೊರಗೆ ತೆಗೆದದ್ದು ಅಂದೇ ಮೊದಲು. ಅವಳು ಕಟ್ಟೆಯ ಮೇಲೆ ಕೂತು ಮಗಳ ಬಾಣಂತನ, ಎಮ್ಮೆಯ ಹಟ ಎಲ್ಲ ಹೇಳಿದಳು. ಹುಲ್ಲನ್ನು ಆ ಎಮ್ಮೆಗೇ ಕಟ್ಟಿಕೊಂಡು ಎದ್ದಳು.

"ಬೇರ ಉಳದಾವ್ರಿ, ಮತ್ತ ಚಿಗರತೈತಿ. ಚಿಗರಿದಾಗೊಮ್ಮೆ ಬಂದು ತಗೀತೇನ್ರಿ."

ಹೆಚ್ಚು ನೀರು ಬೇಡದ ಹುಲ್ಲು ಅದು. ಆದರೂ ಈಗ ದಿನಕ್ಕೆರಡು ಹೊತ್ತು ನೀರು ಹಾಕುತ್ತಿದ್ದೇನೆ.