ಎಡಗಡೆ ಸೀಟಿನ ಹೊಲಿಗೆ

ಮೊನ್ನೆ ಸಂತೆಗೆ ಹೋಗುವ ಹಾದಿಯಲ್ಲಿ ಯಾರೋ ಹಳೇ ರೇಡಿಯೋಗೆ ಬೆಸುಗೆ ಹಾಕುತ್ತಿದ್ದರು. ಕಾದ ರಾಳದ ಹೊಗೆ ಮೂಗಿಗೆ ಬಡಿದದ್ದೇ ತಡ, ಕಾಲು ನಿಂತುಬಿಟ್ಟಿತು. ವೈರಿಂಗ್ ಮೇಷ್ಟ್ರ ಅಂಗಿಗೂ ಇದೇ ವಾಸನೆ ಇರುತ್ತಿತ್ತು...

ರಾಯದುರ್ಗದ ಬಸ್ ನಿಲ್ದಾಣದ ಹಿಂದೆ ಅವರ ಅಂಗಡಿ. ಬರೀ ಹಾರ್ನು, ಹೆಡ್‌ಲೈಟು ರಿಪೇರಿ ಮಾಡಿಕೊಂಡಿದ್ದವರು. ಕಾರುಗಳ ಹೊಟ್ಟೆಗೆ ಕಂಪ್ಯೂಟರ್ ಸೇರಿಕೊಂಡ ಮೇಲೆ ಕನ್ನಡಕ ಹಾಕಿಕೊಂಡು ಅದನ್ನೂ ಕಲಿತರು. ರಿಪೇರಿಯಾದ ಕಾರನ್ನು ಒಪ್ಪಿಸುವ ಮುನ್ನ ಮಾಲೀಕರ ಕೈಗೇ ಸ್ಟಿಯರಿಂಗ್ ಕೊಟ್ಟು, ತಾವು ಎಡಗಡೆ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, ಒಂದು ಸುತ್ತು ಹೋಗಿಬರುವುದು ಅವರ ಪದ್ಧತಿ. ಮಾಲೀಕರಿಗಿಂತ ಕಾರುಗಳು ಸುಳ್ಳು ಹೇಳುವುದು ಕಡಿಮೆ ಎಂಬುದು ಅವರ ಸಿದ್ಧಾಂತ.

ನಾನು ಜೀನ್ಸ್ ಹೊಲಿಯುವವನು. ಹೊಸ ಕಾರು ಕೊಂಡಾಗ, ಅಂಗಡಿಯ ಸೀಟ್ ಕವರ್ ನನ್ನ ಘನತೆಗೆ ತಕ್ಕುದಲ್ಲವೆಂದು, ದಪ್ಪ ಜೀನ್ಸ್ ಬಟ್ಟೆಯಲ್ಲಿ ನಾನೇ ಸೀಟುಗಳಿಗೆ ಅಳತೆ ತೆಗೆದು ಹೊಲಿದೆ. ಮೂರು ಸಾಲು ಹೊಲಿಗೆ. ಎತ್ತು ಕಟ್ಟಿ ಎಳೆದರೂ ಹರಿಯದೆಂದು ಬಂದವರಿಗೆಲ್ಲ ಜಗ್ಗಿ ತೋರಿಸಿದೆ.

ಆಮೇಲೆ ಶುರುವಾಯಿತು. ಒಬ್ಬನೇ ಭೈರವಾನಿತಿಪ್ಪದ ಕಡೆ ಹೊರಟಿದ್ದೆ. ಮಟಮಟ ಮಧ್ಯಾಹ್ನ, ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಕಾರು ಟಿಣ್ ಟಿಣ್ ಎಂದಿತು: ಎಡಗಡೆ ಕೂತವರು ಬೆಲ್ಟ್ ಹಾಕಿಲ್ಲ. ಎಡಗಡೆ ಯಾರೂ ಇರಲಿಲ್ಲ. ನಿಲ್ಲಿಸಿ, ಬಾಗಿಲು ತೆಗೆದು, ಹಾಕಿದೆ. ಮತ್ತೆ ಟಿಣ್ ಟಿಣ್. ಮೂರು ದಿನ ಹೀಗೇ. ಕೊನೆಗೆ ಖಾಲಿ ಸೀಟಿಗೆ ಬೆಲ್ಟ್ ಕಟ್ಟಿದೆ. ಕಾರು ಸುಮ್ಮನಾಯಿತು. ನನಗೆ ನಿಜವಾಗಿ ಬೆವರಿದ್ದು ಆಗ.

ಕಾರನ್ನು ಮೇಷ್ಟ್ರ ಅಂಗಡಿಗೆ ಒಯ್ದೆ. ಅವರು ಸೀಟಿನ ಮೇಲೆ ಅಂಗೈ ಊರಿ ಒತ್ತಿ ನೋಡಿದರು.

"ದೆವ್ವ ಅಲ್ರಿ ಟೇಲರ್ ಸಾಹೇಬ್ರ, ನಿಮ್ಮ ಹೊಲಿಗಿ. ಸೀಟಿನೊಳಗ ಭಾರ ನೋಡೋ ಸೆನ್ಸರ್ ಐತಿ, ನಿಮ್ಮ ಬಟ್ಟಿ ಅದನ್ನ ಬಿಗಿದೈತಿ. ಕಾರಿಗೆ ಕಣ್ಣೆಲ್ಲಿ ಅದಾವ? ಒತ್ತಿದ್ರ ಮನುಷ್ಯಾ ಅಂತ ತಿಳಕೊಂತತಿ."

ಕೂರುವ ಭಾಗದ ಕವರ್ ಸಡಿಲಿಸಿದರು, ಶಬ್ದ ನಿಂತಿತು. ಆಮೇಲೆ ಒರಗುವ ಭಾಗದ ಅಂಚನ್ನು ಮುಟ್ಟಿದರು.

"ಇಲ್ಲಿ ಒಳಗ ಗಾಳಿಚೀಲ ಐತ್ರಿ. ಪಕ್ಕದಿಂದ ಗುದ್ದಿದ್ರ ಹೊರಗ ಬಂದು ಕುಂತವನ್ನ ಕಾಯಬೇಕು. ನೀವು ಅದರ ಬಾಯಿ ಹೊಲದೀರಿ. ಬಿಚ್ರಿ ಇದನ್ನ."

"ನನ್ನ ಹೊಲಿಗಿಗೆ ಬ್ಲೇಡ್ ಹಾಕಬೇಕಂದ್ರ ನಾನು ಸಾಯಬೇಕ್ರಿ."

"ಅದಕ್ಕ ಹೇಳಾಕತ್ತೀನಿ," ಎಂದು ನಕ್ಕರು.

ನಾಡಿದ್ದು ನೋಡೋಣವೆಂದೆ. ಅವರು ಪದ್ಧತಿಯಂತೆ ಎಡಗಡೆ ಕೂತು, ಬೆಲ್ಟ್ ಹಾಕಿ, ಕಣ್ಣು ಮುಚ್ಚಿದರು. ಬೆಳುಗುಪ್ಪ ರಸ್ತೆಯಲ್ಲಿ ಅಡ್ಡದಾರಿಯಿಂದ ನುಗ್ಗಿದ ಲಾರಿ ಅವರ ಬಾಗಿಲಿಗೇ ಗುದ್ದಿತು. ಅವರ ಪಕ್ಕದ ಜೀನ್ಸ್ ಬಟ್ಟೆ ಒಳಗಿನಿಂದ ಒಮ್ಮೆ ಉಬ್ಬಿತು, ಗೋಣಿಯಲ್ಲಿ ಜೀವ ಹೊರಳಿದ ಹಾಗೆ. ಒಂದು ಎಳೆಯೂ ಬಿಡಲಿಲ್ಲ. ನನಗೆ ಗೀರೂ ಆಗಲಿಲ್ಲ. ಅವರು ಮತ್ತೆ ಕಣ್ಣು ತೆರೆಯಲಿಲ್ಲ...

ಕಾರಿನೊಳಗೆ ಕೊನೆಯ ಕ್ಷಣಗಳನ್ನು ಬರೆದಿಡುವ ಪೆಟ್ಟಿಗೆಯೊಂದು ಇರುತ್ತದೆಂದು ನನಗೆ ಆಗಲೇ ಗೊತ್ತಾದದ್ದು. ತಪಾಸಣೆಗೆ ಬಂದವರು ಅದನ್ನು ಓದಿ ಹೇಳಿದರು: ಎಡ ಸೀಟಿನಲ್ಲಿ ಮನುಷ್ಯನಿದ್ದ, ಬೆಲ್ಟ್ ಹಾಕಿದ್ದ, ಗಾಳಿಚೀಲಕ್ಕೆ ಆಜ್ಞೆ ಹೋಗಿದೆ. ಬಟ್ಟೆಯ ವಿಚಾರ ಪೆಟ್ಟಿಗೆಗೆ ತಿಳಿಯದು. ತಪಾಸಣೆಯವರು ಬರುವ ಮುನ್ನವೇ ಕವರನ್ನು ನಾನು ಬ್ಲೇಡಿನಿಂದ ಕೊಯ್ದು ತೆಗೆದಿದ್ದೆ.

"ಪೆಟ್ಟಿಗ್ಯಾಗ ಏನ್ ಬಂತ್ರಿ ಅಣ್ಣಾ?" ಎಂದು ಮೇಷ್ಟ್ರ ಹೆಂಡತಿ ಕೇಳಿದರು.

"ಎಲ್ಲಾ ಸರಿ ಕೆಲಸ ಮಾಡೈತಂತ್ರಿ," ಎಂದೆ.

ಈಗಲೂ ಎದುರು ಸಿಕ್ಕಾಗ ಆಕೆ ಊಟಕ್ಕೆ ಕರೆಯುತ್ತಾರೆ. "ಕಡೀಗೆ ಅವರ ಜೋಡಿ ಇದ್ದವ್ರು ನೀವಾ ಅಲ್ರಿ," ಎನ್ನುತ್ತಾರೆ. ಹೋಗಿ ಕೂರುತ್ತೇನೆ. ಈ ಸಲ ಹೇಳಿಬಿಡಬೇಕೆಂದು ಬಾಯಿ ತೆರೆಯುತ್ತೇನೆ... ಹಸಿದಿದ್ದೇನೆಂದುಕೊಂಡು ಆಕೆ ಮತ್ತಷ್ಟು ಅನ್ನ ಬಡಿಸುತ್ತಾರೆ.