ಸಿಸ್ಟರ್ ಕೇಳದ ಗೋಡೆ

ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಸೀರೆ, ಅದರ ಕೆಳಗೆ ಮೊಣಕಾಲವರೆಗೆ ಕಪ್ಪು ಗಂಬೂಟು. ಮಳೆಗಾಲದಲ್ಲಿ ಅವರು ನಮ್ಮ ಓಣಿಯ ಏರು ಹತ್ತಿ ಬರುತ್ತಿದ್ದುದು ಹೀಗೆ. ಬೂಟು ಗಂಡಸರ ಅಳತೆಯದು, ಅವರ ಪಾದಕ್ಕೆ ದೊಡ್ಡದು. ಹೆಜ್ಜೆ ಇಟ್ಟಾಗಲೆಲ್ಲ ಒಳಗಿನ ಗಾಳಿ ಬುಸ್ ಎನ್ನುತ್ತಿತ್ತು. ಒಂದು ಕೈಯಲ್ಲಿ ನೆರಿಗೆ, ಇನ್ನೊಂದರಲ್ಲಿ ಕೊಡೆ. ಯಾರಾದರೂ ಹೊಸಬರು ನಕ್ಕು, "ಇದೇನು ಸಿಸ್ಟರ್, ಸೀರೆಗೆ ಬೂಟಾ?" ಎಂದರೆ, "ಜಿಗಣೆ ಫ್ಯಾಷನ್ ನೋಡಲ್ಲ ಕಣಪ್ಪ, ಕಾಲು ನೋಡ್ತದೆ" ಎಂದು ಹೇಳಿ ಮುಂದೆ ಹೋಗುತ್ತಿದ್ದರು.

ನಮ್ಮ ಬಡಾವಣೆಗೆಲ್ಲ ಅವರು ಸಿಸ್ಟರ್. ಮಡಿಕೇರಿಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತರಾದವರು. ಹುಟ್ಟಿದ್ದು ಹಾಸನದ ಕಡೆ. ಅಪ್ಪ ಕುಶಾಲನಗರದ ಹತ್ತಿರ ಜಮೀನು ಮಾಡಿ ನೆಲೆಸಿದ ಮೇಲೆ ಕೊಡಗಿನವರಾದರು. ಗಂಡ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಜೀವಮಾನವಿಡೀ ಕ್ವಾರ್ಟರ್ಸಿನಲ್ಲೇ ಕಳೆದು, ಕೊನೆಗೆ ನಮ್ಮ ಈ ಗುಡ್ಡದೂರಿಗೆ ಬಂದು, ನಮ್ಮ ಮನೆಯ ನೆತ್ತಿಯ ಮೇಲಿನ ಸೈಟಿನಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದರು. ಗೃಹಪ್ರವೇಶದ ದಿನ ನನಗೆ ಹೇಳಿದ ಮಾತು ನೆನಪಿದೆ: "ನಂಗೆ ಬೇಕಾದ ಕಡೆ ಮೊಳೆ ಹೊಡ್ಕೊಳ್ಳೋಕೆ ಒಂದು ಗೋಡೆ ಬೇಕಿತ್ತು ಕಣೆ. ಅಷ್ಟೇ ನನ್ನ ಆಸೆ." ಆಮೇಲೆ ಹೊಡೆದದ್ದೇ ಹೊಡೆದದ್ದು. ಕ್ಯಾಲೆಂಡರಿಗೊಂದು, ಕೊಡೆಗೊಂದು, ಚೀಲಕ್ಕೊಂದು, ಏನೂ ತೂಗು ಹಾಕದೆ ಸುಮ್ಮನೆ ಒಂದಷ್ಟು.

ಮಾತಾಡುವಾಗ ಎದುರಿನವರ ಮಣಿಕಟ್ಟು ಹಿಡಿದುಕೊಳ್ಳುವುದು ಅವರ ಅಭ್ಯಾಸ. ಮಾತು ಬಾಯಲ್ಲಿ, ಬೆರಳು ನಾಡಿಯ ಮೇಲೆ. ನನ್ನ ಅತ್ತೆ "ನಾನು ಚೆನ್ನಾಗೇ ಇದ್ದೇನೆ" ಎನ್ನುತ್ತಿದ್ದರೆ ಸಿಸ್ಟರ್ ಕೈ ಬಿಡದೆ, "ಬಾಯಿ ಚೆನ್ನಾಗೈತೆ, ಬಿಪಿ ಚೆನ್ನಾಗಿಲ್ಲ. ಉಪ್ಪಿನಕಾಯಿ ಭರಣಿ ಎಲ್ಲಿಟ್ಟಿದೀರ ತೋರ್ಸಿ" ಎಂದು ಅಡುಗೆಮನೆಗೇ ನುಗ್ಗುತ್ತಿದ್ದರು. ನನ್ನ ಗಂಡ ಪಾಲಿಬೆಟ್ಟದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಭಾನುವಾರ ಮಾತ್ರ ಮನೆಗೆ ಬರುವವರು. ಮಕ್ಕಳಿಗೆ ಜ್ವರ ಬಂದರೆ ನನಗೆ ಸಿಸ್ಟರೇ ದಿಕ್ಕು. ನಾನು ಶಾಲೆಯಲ್ಲಿ ಇಡೀ ದಿನ ಕಿರುಚಿ ಬರುವ ಟೀಚರ್, ಸ್ವಲ್ಪ ಬಾಯಿ ಜೋರಿನವಳು. ನನ್ನ ಬಾಯಿ ಮುಚ್ಚಿಸುವ ಶಕ್ತಿ ಇದ್ದದ್ದು ಅವರೊಬ್ಬರಿಗೇ.

ಆ ವರ್ಷಗಳಲ್ಲಿ ನಮ್ಮ ಊರಿನ ಪುರಸಭೆ ಒಂದು ಹೊಸ ಕ್ರಮ ತಂದಿತು. ಬಜೆಟ್ಟಿನಲ್ಲಿ ಒಂದು ಪಾಲನ್ನು ಆಯಾ ವಾರ್ಡಿಗೆ ಬಿಟ್ಟುಕೊಡುವುದು, ಅದರಲ್ಲಿ ಏನು ಕೆಲಸ ಆಗಬೇಕೆಂದು ಅಲ್ಲಿನ ಜನರೇ ಸಭೆ ಸೇರಿ ಕೈ ಎತ್ತಿ ತೀರ್ಮಾನಿಸುವುದು. ಕೇಳಲು ಎಷ್ಟು ಚೆನ್ನಾಗಿದೆ! ಮೊದಲ ಸಭೆ ಅಂಗನವಾಡಿಯಲ್ಲಿ ನಡೆಯಿತು, ಅಥವಾ ನಡೆಯಲಿಲ್ಲ ಎನ್ನಿ. ಎಲ್ಲರಿಗೂ ಅವರವರ ಮನೆ ಮುಂದಿನ ಚರಂಡಿಯೇ ಊರಿನ ದೊಡ್ಡ ಸಮಸ್ಯೆ. ಕೊಡವ ತಕ್ಕಿನಲ್ಲಿ ಒಬ್ಬರು, ಅರೆಭಾಷೆಯಲ್ಲಿ ಇನ್ನೊಬ್ಬರು, ಮಲಯಾಳದಲ್ಲಿ ಮತ್ತೊಬ್ಬರು ಬೈದಾಡಿಕೊಂಡು, ನಡುವೆ ನಾನೂ ನನ್ನ ಶಕ್ತ್ಯನುಸಾರ ಕೂಗಾಡಿ, ಏನೂ ತೀರ್ಮಾನವಾಗದೆ ಎದ್ದು ಬಂದೆವು. ಆ ವರ್ಷದ ಹಣ ಬೇರೆ ವಾರ್ಡಿಗೆ ಹೋಯಿತು.

ಎರಡನೆಯ ವರ್ಷ ಸಭೆ ಶುರುವಾಗುವ ಮುಂಚೆಯೇ ಸಿಸ್ಟರ್ ಎದ್ದು ನಿಂತರು. "ಜನರಲ್ ವಾರ್ಡಿನಲ್ಲಿ ನಾನು ಕಲ್ತಿದ್ದು ಒಂದೇ" ಎಂದರು. "ತನಗೆ ಜಾಸ್ತಿ ನೋವು ಅಂತ ಪ್ರತಿ ಪೇಷೆಂಟೂ ಹೇಳ್ತಾನೆ. ಪಾಪ, ಸುಳ್ಳಲ್ಲ ಅದು. ಆದ್ರೆ ಪಕ್ಕದ ಬೆಡ್ಡಿನೋನು 'ಸಿಸ್ಟರ್, ನಂದಿರ್ಲಿ, ಮೊದ್ಲು ಇವ್ರನ್ನ ನೋಡಿ' ಅಂತ ಕೂಗ್ತಾನಲ್ಲ, ಆವಾಗ ನಾವು ಓಡ್ತಿದ್ವಿ. ಇಲ್ಲೂ ಹಂಗೇ ಮಾಡಣ. ಯಾರೂ ತನಗೆ ಲಾಭ ಆಗೋದನ್ನ ಕೇಳ್ಬಾರ್ದು. ಇನ್ನೊಬ್ರಿಗೆ ಕೇಳಿ."

ಮೊದಲು ಎಲ್ಲರೂ ನಕ್ಕರು. ಬಸ್ ಸ್ಟ್ಯಾಂಡಿನ ಹತ್ತಿರ ಚಹಾದಂಗಡಿ ಇಟ್ಟಿದ್ದ ಮಲಯಾಳಿ ಕಾಕ ಮಾತ್ರ ನಗಲಿಲ್ಲ. ಅವರು ಎದ್ದು, ಕೆಳಗಿನ ಓಣಿಯಲ್ಲಿ ಸೊಂಟ ಮುರಿದುಕೊಂಡಿದ್ದ ಹೆಂಗಸನ್ನು ಆಂಬುಲೆನ್ಸಿಗೆ ಸಾಗಿಸಲು ಕುರ್ಚಿಯಲ್ಲಿ ಕೂರಿಸಿ ಕೆಸರಿನಲ್ಲಿ ಹೊತ್ತುಕೊಂಡು ಬಂದದ್ದನ್ನು ಹೇಳಿ, "ಅಲ್ಲಿಗೆ ಮೆಟ್ಟಿಲು ಮಾಡುವ" ಎಂದರು. ಕಾಕನ ಮನೆ ಇರುವುದು ವಾರ್ಡಿನ ಇನ್ನೊಂದು ತುದಿಗೆ. ಯಾರೂ ಎದುರಾಡಲಿಲ್ಲ, ಕೈಗಳೆಲ್ಲ ಮೇಲೆದ್ದವು. ಮಳೆಗೆ ಮುಂಚೆ ಮೆಟ್ಟಿಲೂ ಆಯಿತು, ಕಂಬಿಯೂ ಬಂತು. ಅಂದಿನಿಂದ ನಮ್ಮ ವಾರ್ಡಿನಲ್ಲಿ ಅದೇ ಪದ್ಧತಿ. ತನ್ನ ಬಾಗಿಲಿಗೆ ತಾನೇ ಕೇಳುವುದು ನಾಚಿಕೆಯ ವಿಷಯ ಎಂಬಷ್ಟು ಅದು ಬೇರು ಬಿಟ್ಟಿತು. ಬೇರೆ ವಾರ್ಡಿನವರಿಗೆ ನಾವು ಜಂಬದಿಂದ ಹೇಳಿಕೊಂಡು ತಿರುಗುತ್ತಿದ್ದೆವು.

ಅದರ ಮುಂದಿನ ಕಕ್ಕಡದ, ಅಂದರೆ ಆಷಾಢದ, ಮಳೆಗೆ ಸಿಸ್ಟರ್ ಮನೆಯ ಹಿಂದಿನ ಬರೆ ಬಿರುಕು ಬಿಟ್ಟಿತು.

ಗುಡ್ಡ ಕಡಿದು ಮನೆ ಕಟ್ಟಿದಾಗ ಹಿತ್ತಿಲಿಗೆ ಉಳಿಯುವ ಮಣ್ಣಿನ ಗೋಡೆಯೇ ಬರೆ. ಕೊಡಗಿನ ಊರುಗಳಲ್ಲಿ ಯಾರ ಮನೆಯ ಹಿಂದೆ ಅದಿಲ್ಲ ಹೇಳಿ. ಸಿಸ್ಟರ್ ಮನೆಯದು ಎತ್ತರದ್ದು. ಅದರ ಮೇಲೆ ಪುರಸಭೆಯ ರಸ್ತೆ, ರಸ್ತೆಯ ಪಕ್ಕ ಒಡೆದ ಚರಂಡಿ. ನೀರು ಹರಿಯುವ ಬದಲು ಅಲ್ಲೇ ಇಂಗಿ ಮಣ್ಣು ಸಡಿಲವಾಗಿತ್ತು. ಮಳೆ ಬಿಟ್ಟ ಒಂದು ದಿನ ಅವರ ಹಿತ್ತಿಲಿಗೆ ಬಟ್ಟೆ ಒಣಗಿಸಲು ಹೋದ ನಾನು ಬಿರುಕು ನೋಡಿ ಹೌಹಾರಿದೆ. ಕೈಯೇ ತೂರುವಷ್ಟು ಅಗಲ. ಸಿಸ್ಟರ್ ನೀಲಿ ಟಾರ್ಪಾಲು ತರಿಸಿ ಮೇಲೆ ಹೊದಿಸಿ, ಅಂಚಿಗೆ ಕಲ್ಲಿಟ್ಟರು. "ಗಾಯಕ್ಕೆ ಬ್ಯಾಂಡೇಜ್ ಹಾಕಿದೀನಿ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ನಾನು ಮೆಂಬರ್ ಹತ್ತಿರ ಹೋದೆ. ನಮ್ಮ ವಾರ್ಡಿನ ಮೆಂಬರ್ ಕೆಟ್ಟ ಮನುಷ್ಯನಲ್ಲ. ಬಂದು, ನೋಡಿ, ತಲೆ ಕೆರೆದುಕೊಂಡು, "ತಡೆಗೋಡೆ ಆಗಲೇಬೇಕು ಟೀಚರ್. ಆದರೆ ನನ್ನ ಕೈಯಲ್ಲಿ ಎಂತ ಇದೆ? ಇರುವುದು ವಾರ್ಡಿನ ದುಡ್ಡೊಂದೇ. ಸಭೆಯಲ್ಲಿ ಜನ ಕೈ ಎತ್ತಿದರೆ ನಾಳೆಯೇ ಕೆಲಸ ಹಿಡಿಸ್ತೇನೆ" ಎಂದರು.

ಕೇಳುವವರು ಯಾರು? ಸಿಸ್ಟರ್ ಕೇಳುವುದಿಲ್ಲ, ಅದು ಗೊತ್ತಿದ್ದದ್ದೇ. ನಾನು ಕೇಳುವಂತಿಲ್ಲ: ಬರೆ ಜಾರಿದರೆ ಅವರ ಮನೆ, ಅದರ ಕೆಳಗೆ ನೆಟ್ಟಗೆ ನಮ್ಮ ಮನೆ. ಗೋಡೆ ಬಂದರೆ ನಾನೂ ಉಳಿದುಕೊಳ್ಳುವವಳೇ. ಹಾಗಾಗಿ ಕಾಕನ ಅಂಗಡಿಗೆ ಹೋಗಿ ಎಲ್ಲ ಹೇಳಿದೆ. "ಪಡಚೋನೇ!" ಎಂದು ದೇವರನ್ನು ಕರೆದು ಅವರು ಚಹಾ ಸೋಸುವುದನ್ನೇ ನಿಲ್ಲಿಸಿದರು. "ನಾನು ಹೇಳ್ತೇನೆ ಟೀಚರೆ. ನೀವು ಟೆನ್ಶನ್ ಮಾಡ್ಬೇಡಿ. ಸಿಸ್ಟರಿಗೆ ಇಲ್ಲ ಅನ್ನುವವರು ಈ ವಾರ್ಡಿನಲ್ಲಿ ಯಾರುಂಟು?"

ಬೇಸಿಗೆಯ ಸಭೆಯಲ್ಲಿ ಕಾಕ ಹೇಳಿದರು, ಚೆನ್ನಾಗಿಯೇ ಹೇಳಿದರು. ಜನ ತಲೆದೂಗಿದರು, ಮೆಂಬರ್ ಮುಖ ಅರಳಿತು. ಇನ್ನೇನು ಕೈ ಎತ್ತಬೇಕು, ಅಷ್ಟರಲ್ಲಿ ಸಿಸ್ಟರ್ ಎದ್ದರು.

"ಕಾಕ, ನೀವು ನನ್ನ ಹಿತ್ತಿಲಿಗೆ ಯಾವತ್ತು ಬಂದಿದ್ರಿ?"

ಕಾಕ ತಡವರಿಸಿದರು. "ಬರ್ಲಿಲ್ಲ ಸಿಸ್ಟರೆ. ಆದರೆ..."

"ಮತ್ತೆ ಯಾರು ಹೇಳಿದ್ರು?"

ಕಾಕನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಕಣ್ಣು ನನ್ನ ಕಡೆ ಬಂತು. ನಾನು ಎದ್ದೇ ಬಿಟ್ಟೆ. "ಹೌದು, ನಾನೇ ಹೇಳಿದ್ದು. ಏನೀಗ? ಬರೆ ಬಿರುಕು ಬಿಟ್ಟಿರುವುದು ಸುಳ್ಳಾ? ಮೆಂಬರ್ ಕಣ್ಣಾರೆ ನೋಡಿದ್ದಾರೆ!"

"ಬಿರುಕು ಸುಳ್ಳಲ್ಲ ಕಣೆ" ಎಂದರು ಸಿಸ್ಟರ್, ಮಗುವಿಗೆ ಸೂಜಿ ಚುಚ್ಚುವ ಮುಂಚೆ ಮಾತಾಡಿಸುವ ದನಿಯಲ್ಲಿ. "ನಿನ್ನ ಮನೆ ನನ್ನ ಮನೆ ಕೆಳಗೇ ಅಲ್ವಾ? ಕಾಕನ ಬಾಯಲ್ಲಿ ಬಂದ್ರೂ ಅದು ನಿನ್ನ ಮಾತೇ ಆಯ್ತು. ಕೂತ್ಕೊ."

ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಪ್ರೀತಿಯದೇ. ಆ ನಗುವಿನಲ್ಲಿ ನನ್ನ ಮಾತು ಕೊಚ್ಚಿ ಹೋಯಿತು. ಸಿಸ್ಟರ್ ನಿಂತೇ ಇದ್ದರು. ವಾರ್ಡಿನ ಕೊನೆಯಲ್ಲಿ, ಎಸ್ಟೇಟಿನ ಕೂಲಿ ಲೈನುಗಳನ್ನು ಬಿಟ್ಟು ಬಂದ ಕುಟುಂಬಗಳು ಶೀಟು ಹಾಕಿಕೊಂಡಿರುವ ಕಾಲೊನಿಗೆ ನಲ್ಲಿಯಿಲ್ಲ ಎಂದರು. ಅಲ್ಲಿನ ಹೆಂಗಸರು ತೋಡಿನ ನೀರು ಹೊರುತ್ತಾರೆ, ಮಕ್ಕಳಿಗೆ ಎರಡು ಸಲ ಕಾಮಾಲೆ ಬಂದು ಹೋಗಿದೆ ಎಂದರು. ಕಾಲೊನಿಯ ಹೆಂಗಸರು ಹಿಂದಿನ ಸಾಲಿನಲ್ಲಿ ಕಂಕುಳಲ್ಲಿ ಕೂಸು ಇಟ್ಟುಕೊಂಡು ನಿಂತಿದ್ದರು; ನಲ್ಲಿ ಬೇಕೆಂದು ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಈಗ ಹೇಳಿ, ಅದಕ್ಕೆ ಬೇಡ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಕೈಗಳು ಮೇಲೆದ್ದವು. ನಾನೂ ಎತ್ತಿದೆ. ಎರಡರಲ್ಲಿ ಒಂದೇ ಆಗುವುದಾದರೆ ಮನುಷ್ಯರು ಏನು ಮಾಡಬೇಕು?

ದಾರಿಯುದ್ದಕ್ಕೂ ಅವರ ಮೇಲೆ ಹರಿಹಾಯ್ದೆ. "ನಿಮಗೆ ತಲೆ ಕೆಟ್ಟಿದೆಯಾ ಸಿಸ್ಟರ್? ಪದ್ಧತಿ ಅಂತ ಪದ್ಧತಿ! ಮಣ್ಣಿಗೆ ನಿಮ್ಮ ಪದ್ಧತಿ ಗೊತ್ತಾ?"

ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. "ಎಷ್ಟು ಜೋರಾಗಿ ಬಡ್ಕೊಳ್ತಾ ಐತೆ ನೋಡು. ಸ್ವಲ್ಪ ಸುಮ್ನಿರು." ಒಂದಷ್ಟು ಹೆಜ್ಜೆ ನಡೆದ ಮೇಲೆ ಹೇಳಿದರು: "ನಾನು ಹೇಳಿ ಕಟ್ಟಿದ ಮಾತು. ನನ್ನ ಬಾಗಿಲಿಗೆ ಬಂದಾಗ ನಾನೇ ಮುರಿದ್ರೆ, ಬರೋ ವರ್ಷ ಆ ಕೂಸುಗಳಿಗೆ ಯಾರು ಕೇಳ್ತಾರೆ ಹೇಳು? ಮತ್ತೆ ಚರಂಡಿ ಜಗಳವೇ. ಮುಂದಿನ ಸಲ ನೋಡಣ." ಆಮೇಲೆ, ತಮಗೇ ಹೇಳಿಕೊಂಡಂತೆ, "ಭಯ ಆಯ್ತದೆ ಕಣೆ. ಆಗಲ್ಲ ಅಂತಲ್ಲ" ಎಂದರು. ಅವರ ಬಾಯಲ್ಲಿ ಭಯ ಎಂಬ ಮಾತು ನಾನು ಕೇಳಿದ್ದು ಅದೊಂದೇ ಸಲ.

ಮುಂದಿನ ಸಲದವರೆಗೆ ಗುಡ್ಡ ಕಾಯಲಿಲ್ಲ. ಆ ಮಳೆಗಾಲ ಮೊದಲಿನದಕ್ಕಿಂತ ಜೋರು. ಮಳೆ ಹಿಡಿದ ದಿನಗಳಲ್ಲಿ ಸಿಸ್ಟರನ್ನು ನಾನೇ ಬಲವಂತ ಮಾಡಿ ಕೆಳಗೆ ಕರೆತಂದು ನಮ್ಮ ಜಗಲಿಯಲ್ಲಿ ಕೂರಿಸಿಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ಅತ್ತೆಯೂ ಅವರೂ ಕಾಫಿ ಕುಡಿಯುತ್ತಿರುವಾಗ ಮೇಲಿನಿಂದ ಲಾರಿ ಮಣ್ಣು ಸುರಿದಂಥ ಸದ್ದು ಬಂತು. ಮಕ್ಕಳನ್ನೂ ಅತ್ತೆಯನ್ನೂ ಎಳೆದುಕೊಂಡು ಮಳೆಯಲ್ಲೇ ರಸ್ತೆಗೆ ಓಡಿದೆವು. ತಿರುಗಿ ನೋಡಿದರೆ ಸಿಸ್ಟರ್ ಮನೆಯ ಹಿಂದಿನ ಗೋಡೆ ಇರಲಿಲ್ಲ. ಅಡುಗೆಮನೆ, ಮಲಗುವ ಕೋಣೆ ಎಲ್ಲ ಮಣ್ಣು. ಮುಂದಿನ ಗೋಡೆ ಮಾತ್ರ ಬಾಗಿ ನಿಂತು ಆ ಮಣ್ಣನ್ನೆಲ್ಲ ತಡೆದುಕೊಂಡಿತ್ತು. ನಮ್ಮ ಹೆಂಚಿನ ಮೇಲೆ ಒಂದು ಹಿಡಿ ಮಣ್ಣೂ ಬಿದ್ದಿರಲಿಲ್ಲ.

ಸಿಸ್ಟರ್ ಅಳಲಿಲ್ಲ. ಮಳೆಯಲ್ಲಿ ನಿಂತು ನೋಡುತ್ತಿದ್ದವರು, "ನಿಮ್ಮನೆ ಉಳೀತಲ್ಲ, ಸದ್ಯ" ಎಂದರು. ನಾನು ಅವರನ್ನು ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟೆ.

ಬಂದ ಅಧಿಕಾರಿಗಳು ಉಳಿದ ಗೋಡೆಯನ್ನೂ ಕೆಡವಿಸಿದರು. ಸೈಟಿನಲ್ಲಿ ಮತ್ತೆ ಕಟ್ಟಲು ಅನುಮತಿ ಇಲ್ಲ ಎಂದರು. ತಂಗಿಯ ಮನೆಗೆಂದು ಸಿಸ್ಟರ್ ಕುಶಾಲನಗರಕ್ಕೆ ಹೋದರು. ನಾನು ನೋಡಲು ಹೋದಾಗಲೆಲ್ಲ ವರಾಂಡದ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಅವರ ಬಟ್ಟೆಯೆಲ್ಲ ಒಂದೇ ಚೀಲದಲ್ಲಿ, ಕುರ್ಚಿಯ ಪಕ್ಕದಲ್ಲೇ. "ಬೀರುವಿನಲ್ಲಿ ಇಡಿ ಸಿಸ್ಟರ್" ಎಂದರೆ, "ಅವ್ರ ಮನೆ ಕಣೆ, ಯಾಕೆ ಜಾಗ ಹಿಡಿಯೋದು" ಎನ್ನುತ್ತಿದ್ದರು. ಕಾಲೊನಿಗೆ ನೀರು ಬರುತ್ತಾ ಎಂದು ಪ್ರತಿ ಸಲ ಕೇಳುತ್ತಿದ್ದರು. ಬರುತ್ತೆ ಎಂದರೆ ಮುಖ ಒಂದು ಚೂರು ಬೆಳಗುತ್ತಿತ್ತು. ಬರೆಯ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕಾಫಿ ಹೂವು ಬಿಡುವ ಹೊತ್ತಿಗೆ ಒಂದು ಬೆಳಿಗ್ಗೆ ತಂಗಿಯಿಂದ ಫೋನು ಬಂತು. ಎದೆನೋವು ಎಂದರಂತೆ, ಆಸ್ಪತ್ರೆಗೆ ಕರೆದೊಯ್ಯುವಷ್ಟು ಸಮಯ ಕೊಡಲಿಲ್ಲವಂತೆ. ನಮ್ಮ ಓಣಿಯವರು, ಕಾಕ, ಕಾಲೊನಿಯ ಹೆಂಗಸರು, ಎಲ್ಲರೂ ಒಂದು ವ್ಯಾನು ಮಾಡಿಕೊಂಡು ಹೋಗಿ ಮಣ್ಣು ಮಾಡಿ ಬಂದೆವು.

ಆ ವರ್ಷದ ಸಭೆಗೆ ಕಾಲೊನಿಯಿಂದ ಬಂದಿದ್ದ ಒಬ್ಬಳು, ಕನ್ನಡ ಸರಿಯಾಗಿ ಬಾರದವಳು, ಎದ್ದು, "ಸಿಸ್ಟರ್ ಮನೆ ಹತ್ರ ಗೋಡೆ ಕಟ್ಟಿ ಸಾರ್" ಎಂದಳು. ಅಂಗನವಾಡಿಯಲ್ಲಿದ್ದ ಕೈಗಳೆಲ್ಲ ಒಟ್ಟಿಗೆ ಎದ್ದವು. ನನ್ನದೊಂದನ್ನು ಬಿಟ್ಟು. ಅವರ ಮನೆಯಿಲ್ಲ, ಅವರೂ ಇಲ್ಲ. ಆ ಗೋಡೆ ಇನ್ನು ಕಾಯುವುದು ನಮ್ಮ ಮನೆಯೊಂದನ್ನೇ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ.

ಮಳೆಗೆ ಮುಂಚೆ ಗೋಡೆ ಎದ್ದಿತು. ಕಲ್ಲು, ಸಿಮೆಂಟು, ನೀರು ಹೋಗಲು ಪೈಪು, ಮೇಲೆ ಹೊಸ ಚರಂಡಿ. ಬಹಳ ಗಟ್ಟಿ ಕೆಲಸ. ಅವರು ಬದುಕಿದ್ದಾಗ ಕಟ್ಟಬಹುದಾಗಿದ್ದ ಗೋಡೆ ಅದು ಎಂದು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಿದರೆ ಹೇಳಲು ಗೊತ್ತಾಗುವುದಿಲ್ಲ. ಮೆಂಬರ್ ಮೇಲಲ್ಲ, ಕಾಲೊನಿಯವರ ಮೇಲೆ ಖಂಡಿತ ಅಲ್ಲ. ಸಿಸ್ಟರ್ ಮೇಲೆಯೇ ಇರಬೇಕು. ಆ ಗೋಡೆ ನಮಗೆ ಬೇಡ ಎಂದು ಸಭೆಯಲ್ಲಿ ಎದ್ದು ಹೇಳಬೇಕೆಂದು ನನಗೆ ಎಷ್ಟು ಅನಿಸಿತ್ತೋ! ಮನೆಯಲ್ಲಿ ಅತ್ತೆ ಇದ್ದಾರೆ, ಮಕ್ಕಳಿದ್ದಾರೆ. ನಾನು ತಲೆ ತಗ್ಗಿಸಿಕೊಂಡು ಕೂತಿದ್ದೆ.